ಬಾಗಿಲಮ್ಮನಿಗೆ ಎಣ್ಣೆ

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದು ಸಾಕ್ಷಿ. ಒಂದು ಹರಳು ಉಪ್ಪು ಹಾಕಿ ಹೇಳಿದರೆ ಅದು ಕಥೆ. ಈ ಕಥೆಗೆ ಉಪ್ಪು ಹಾಕುವ ತೊಂದರೆ ನಮಗಿಲ್ಲ, ಕಡಲೇ ಬೇಕಾದಷ್ಟು ಹಾಕಿಟ್ಟಿದೆ. ಬನ್ನಿ, ಹತ್ತಿರ ಕೂತುಕೊಳ್ಳಿ. ನಡುನಡುವೆ ಹೂಂ ಅನ್ನಿ. ಹೂಂಗುಟ್ಟದವರ ಮುಂದೆ ಕಥೆ ಹೇಳುವುದೂ ಒಂದೇ, ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದೂ ಒಂದೇ.

ಒಂದಾನೊಂದು ಸೀಮೆ. ಹೆಸರು ಬೇಡ. ಹೆಸರು ಹೇಳಿದರೆ ಯಾರಾದರೂ "ಅದು ನಮ್ಮೂರೇ" ಅಂತ ಜಗಳಕ್ಕೆ ಬರುತ್ತಾರೆ. ಒಂದು ಕಡೆ ಕಡಲು, ಒಂದು ಕಡೆ ಗುಡ್ಡ, ನಡುವೆ ಅಂಗೈಯ ಹಾಗೆ ತಗ್ಗಿದ ಗದ್ದೆಬಯಲು. ಎಷ್ಟು ತಗ್ಗು ಅಂತೀರಿ? ಕಡಲು ಉಬ್ಬಿದಾಗ ನೀರು ಮೇಲೆ, ನೆಲ ಕೆಳಗೆ. ಹೀಗೆ ಕಡಲು ಉಬ್ಬಿ ಬರುವುದಕ್ಕೆ ಆ ಸೀಮೆಯವರು ಭರತಿ ಅನ್ನುತ್ತಿದ್ದರು. ಅಷ್ಟಮಿಗೆ ಸಣ್ಣ ಭರತಿ, ಅಮಾವಾಸ್ಯೆಗೆ ದೊಡ್ಡ ಭರತಿ. ಅದರಲ್ಲೂ ಮಳೆಗಾಲದ ಅಮಾವಾಸ್ಯೆಗಳಿದ್ದಾವಲ್ಲ, ಅವು ಒಂದಕ್ಕಿಂತ ಒಂದು ದೊಡ್ಡವು.

ಹಾಗಾದರೆ ಊರು ಹೇಗೆ ಉಳಿದಿತ್ತು? ಒಂದು ಕಟ್ಟೆಯಿಂದ. ಕಡಲಿಗೂ ಗದ್ದೆಗೂ ನಡುವೆ ಮಣ್ಣು ಕಲ್ಲಿನ ಉದ್ದನೆಯ ಕಟ್ಟೆ. ಕಟ್ಟೆಯ ನಡುವೆ ಒಂದು ಕಂಡಿ. ಕಂಡಿಗೆ ಒಂದು ಕಬ್ಬಿಣದ ಬಾಗಿಲು. ಎರಡಾಳು ಎತ್ತರ. ಸರಪಳಿ ಎಳೆದರೆ ಮೇಲೆ ಹೋಗುತ್ತದೆ, ಬಿಟ್ಟರೆ ಕೆಳಗೆ ಇಳಿಯುತ್ತದೆ. ಕಡಲು ಇಳಿದಾಗ ಎತ್ತಬೇಕು, ಮಳೆನೀರು ಆಚೆ ಹೋಗಲಿ ಅಂತ. ಕಡಲು ಏರಿದಾಗ ಇಳಿಸಬೇಕು, ಉಪ್ಪುನೀರು ಈಚೆ ಬಾರದಿರಲಿ ಅಂತ. ಒಂದು ಸಲ ಉಪ್ಪು ನುಗ್ಗಿದರೆ ಮುಗಿಯಿತು. ಗದ್ದೆ ಬಂಜರು, ಬಾವಿ ಕಹಿ, ದನಕ್ಕೆ ಹುಲ್ಲಿಲ್ಲ, ಮಗುವಿಗೆ ಹಾಲಿಲ್ಲ.

ಈ ಬಾಗಿಲು ಕಾಯುವವನ ಹೆಸರು ಹಮ್ಮಣ್ಣ. ಹೆಸರಿಗೆ ತಕ್ಕಷ್ಟು ಹಮ್ಮೂ ಇತ್ತು ಅನ್ನಿ. ಆದರೆ ಕೆಟ್ಟವನಲ್ಲ. ಬಾಗಿಲು ನಿಲ್ಲಿಸಿದವನು, ಅದನ್ನು ಬಾಗಿಲಮ್ಮ ಅಂತ ಕರೆದವನು ಅವನ ಅಜ್ಜ. ಅಜ್ಜ ಸಾಯುವಾಗ ಮಗನ ಕೈ ಹಿಡಿದು ಒಂದೇ ಮಾತು ಹೇಳಿದ್ದ: "ಬಾಗಿಲಮ್ಮನಿಗೆ ಎಣ್ಣೆ ತಪ್ಪಿಸಬೇಡಿ." ಆ ಮಾತು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಹಮ್ಮಣ್ಣನಿಗೆ ಬಂದಿತ್ತು. ಹಮ್ಮಣ್ಣ ತಪ್ಪಿಸಿದನೇ? ಇಲ್ಲ. ಮಳೆಯಿರಲಿ, ಗಾಳಿಯಿರಲಿ, ಮನೆಯಲ್ಲಿ ಜ್ವರವಿರಲಿ, ಬಾಗಿಲ ಮುಂದಿನ ಕಲ್ಲುಗೂಡಿನಲ್ಲಿ ದೀಪ ಉರಿಯುತ್ತಲೇ ಇತ್ತು. ಮನೆಯ ಒಗ್ಗರಣೆಗೆ ಎಣ್ಣೆ ಇಲ್ಲದಿದ್ದರೂ ಅಮ್ಮನ ದೀಪಕ್ಕೆ ಇತ್ತು.

ದೀಪ ಒಂದೇ ಅಲ್ಲ. ಪ್ರತಿ ಅಮಾವಾಸ್ಯೆಗೆ ಬಾಗಿಲಮ್ಮನಿಗೆ ಎಳನೀರಿನ ಸ್ನಾನ, ಮೊಸರಿನ ಸ್ನಾನ, ಅರಿಸಿನದ ನೀರಿನ ಸ್ನಾನ. ಆಮೇಲೆ ಸೊಂಟಕ್ಕೆ ಸುತ್ತಿ ಒಂದು ಕೆಂಪು ಸೀರೆ. ಕಡಲ ಗಾಳಿಗೆ ಆ ಸೀರೆ ಒಣಗಿದ್ದೇ ಇಲ್ಲ. ಉಪ್ಪುನೀರು ಕುಡಿದು ಕುಡಿದು ಅಮ್ಮನ ಸೊಂಟಕ್ಕೆ ಅಂಟಿಕೊಂಡೇ ಇರುತ್ತಿತ್ತು.

ಇನ್ನು ಪ್ರಸಾದ. ಕೇಳಿ, ಇದು ಮುಖ್ಯ. ಸೀರೆ ಬಿಚ್ಚಿ ಹೊಸ ಸೀರೆ ಉಡಿಸುವಾಗ ಅಮ್ಮನ ಮೈಯಿಂದ ಕೆಂಪು ಪುಡಿ ಉದುರುತ್ತಿತ್ತು. ಯಾರೂ ಹಾಕದ ಕುಂಕುಮ! ತಾನೇ ತಾನಾಗಿ ಉದುರುವ ಕುಂಕುಮ! ಹಮ್ಮಣ್ಣನ ಅಪ್ಪನ ಕಾಲದಲ್ಲಿ ಒಂದು ಚಿಟಿಕೆ ಬೀಳುತ್ತಿತ್ತಂತೆ. ಹಮ್ಮಣ್ಣನ ಕಾಲಕ್ಕೆ ಹಿಡಿ, ಆಮೇಲೆ ಬೊಗಸೆ. ಜನ ಸಾಲು ನಿಂತು ಹಣೆಗೆ ಇಟ್ಟುಕೊಂಡರು, ಎಲೆಯಲ್ಲಿ ಕಟ್ಟಿ ಒಯ್ದರು, ಮಕ್ಕಳ ತಾಯಿತದಲ್ಲಿ ತುಂಬಿದರು. "ಹಮ್ಮಣ್ಣನ ಕೈಗುಣ ನೋಡಿ" ಅಂದರು. "ಅಪ್ಪನಿಗೆ ಚಿಟಿಕೆ ಕೊಟ್ಟ ಅಮ್ಮ ಮಗನಿಗೆ ಬೊಗಸೆ ಕೊಟ್ಟಳು." ಹಮ್ಮಣ್ಣ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ಹೊಗಳಿಕೆಗೆ ಕಣ್ಣು ಮುಚ್ಚದವರು ಯಾರಿದ್ದಾರೆ ಹೇಳಿ?

ಹೀಗಿರುವಾಗ ಮಳೆಗಾಲ ಬಂತು. ಮಳೆಗಾಲದ ಮೊದಲ ಅಮಾವಾಸ್ಯೆ. ಮಧ್ಯಾಹ್ನದ ಭರತಿ ಬಾಗಿಲಿಗೆ ಎದೆ ಕೊಟ್ಟು ನಿಂತಿತು. ಆಗ ಒಳಮೈಯಲ್ಲಿ, ಸೀರೆಯ ಕೆಳಗೆ, ಸಣ್ಣ ಸಣ್ಣ ಹನಿ ಮೂಡಿತು.

"ಅಮ್ಮ ಬೆವರಿದಳು!" ಅಂದರು ಜನ. "ನಮಗಾಗಿ ಕಡಲ ಜೊತೆ ಗುದ್ದಾಡಿ ಬೆವರಿದಳು!" ಹನಿಯನ್ನು ಬೆರಳಲ್ಲಿ ಒತ್ತಿ ಕಣ್ಣಿಗೆ ಒತ್ತಿಕೊಂಡರು.

ಹಮ್ಮಣ್ಣ ಮನೆಗೆ ಬಂದು ಅಕ್ಕನಿಗೆ ಹೇಳಿದ. ಅಕ್ಕ ಅಂದರೆ ಬೀರಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು, ಅವನಿಗಿಂತ ಬಹಳ ದೊಡ್ಡವಳು, ಅವನನ್ನು ಸೊಂಟದ ಮೇಲೆ ಹೊತ್ತು ಆಡಿಸಿದವಳು. ಈಗ ಎರಡು ಕಣ್ಣಿಗೂ ಪೊರೆ. ಕೈಯೇ ಕಣ್ಣು. ಅಕ್ಕಿಯ ಕಲ್ಲನ್ನು ಬೆರಳಲ್ಲೇ ಹೆಕ್ಕುವವಳು.

ಬೀರಕ್ಕ ಕೇಳಿದಳು, "ಬೆವರು ಉಪ್ಪಾಗಿತ್ತೇನೋ ತಮ್ಮಾ?"

"ಬೆವರು ಉಪ್ಪಲ್ಲದೆ ಸಿಹಿ ಇರ್ತದಾ?"

"ಇರಲಿ ಬಿಡು," ಅಂದಳು ಬೀರಕ್ಕ. ಅಕ್ಕಿ ಹೆಕ್ಕಿದಳು.

ಎರಡನೆಯ ಅಮಾವಾಸ್ಯೆ ಬಂತು. ಭರತಿ ಇನ್ನೂ ಒಂದು ಮೊಳ ಮೇಲೆ ಬಂತು. ಈ ಸಲ ಹನಿಯಲ್ಲ, ಧಾರೆ. ಸೊಂಟದಿಂದ ನೆಲದವರೆಗೆ ಬೆರಳು ದಪ್ಪದ ಧಾರೆ.

"ಅಮ್ಮ ಅತ್ತಳು!" ಅಂದರು ಜನ. "ನಾವೇನು ತಪ್ಪು ಮಾಡಿದೆವೋ!" ಇನ್ನಷ್ಟು ಎಳನೀರು ಸುರಿದರು, ಇನ್ನಷ್ಟು ಮೊಸರು ಸುರಿದರು, ಒಂದರ ಮೇಲೆ ಇನ್ನೊಂದು ಸೀರೆ ಸುತ್ತಿದರು.

ಹಮ್ಮಣ್ಣ ಮನೆಗೆ ಬಂದ. ಈ ಸಲ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಬೀರಕ್ಕನೇ ಕೇಳಿದಳು.

"ಕಣ್ಣೀರು ನಿಂತಿತೇನೋ?"

"ಇಳಿತ ಬಂದಾಗ ನಿಂತಿತು."

"ಅಂದ್ರೆ ಕಡಲು ಹಿಂದೆ ಸರಿದಾಗ ಅವಳ ದುಃಖ ಮುಗೀತು."

"ಏನಕ್ಕಾ ನಿನ್ನ ಮಾತು?"

"ಮಾತಲ್ಲ ತಮ್ಮಾ, ಲೆಕ್ಕ. ಮನುಷ್ಯರ ಕಣ್ಣೀರಿಗೆ ಕಡಲ ಹೊತ್ತು ಗೊತ್ತಿರೋದಿಲ್ಲ. ನನ್ನನ್ನೊಮ್ಮೆ ಕಟ್ಟೆಗೆ ಕರಕೊಂಡು ಹೋಗು. ಅಮ್ಮನ್ನ ಮುಟ್ಟಿ ನೋಡ್ತೇನೆ."

ಹಮ್ಮಣ್ಣನಿಗೆ ಸಿಟ್ಟು ಬಂತು. "ಅಮ್ಮನ್ನ ಮುಟ್ಟೋದಾ? ಪೂಜೆ ಮಾಡೋ ನಾನೇ ಮಡಿಯುಟ್ಟು ಮುಟ್ತೇನೆ. ನೀನು ಸುಮ್ಮನೆ ಅಕ್ಕಿ ಹೆಕ್ಕು."

ಬೀರಕ್ಕ ಅಕ್ಕಿಯ ಮೊರ ಪಕ್ಕಕ್ಕೆ ಇಟ್ಟಳು. "ನಿನ್ನ ಕುಂಡೆ ತೊಳೆದ ಕೈ ಇದು ಹಮ್ಮಣ್ಣಾ. ಇದಕ್ಕಿಂತ ಮಡಿ ನಿನಗೆ ಯಾವ ಹೊಳೆಯಲ್ಲಿ ಸಿಕ್ತದೆ?"

ಇದಕ್ಕೆ ಯಾವ ತಮ್ಮ ಏನು ಹೇಳಲು ಸಾಧ್ಯ? ಮರುದಿನ ಬೆಳಿಗ್ಗೆ ಕಡಲು ಇಳಿದಿದ್ದಾಗ ಕೈ ಹಿಡಿದು ಕರೆದುಕೊಂಡು ಹೋದ.

ಬೀರಕ್ಕ ಬಾಗಿಲ ಮುಂದೆ ನಿಂತಳು. ಸೀರೆಯ ಕೆಳಗೆ ಕೈ ಹಾಕಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಬಾಣಂತಿಯ ಬೆನ್ನು ನೀವಿದ ಹಾಗೆ ನೀವಿದಳು. ಸೊಂಟದ ಹತ್ತಿರ ಕೈ ನಿಂತಿತು. ಮುಖ ಇಳಿಯಿತು.

"ತಮ್ಮಾ, ಅಮ್ಮ ಬಡಕಲಾಗಿದಾಳೆ."

"ಏನಂದೆ?"

"ಅಜ್ಜನ ಕಾಲದಲ್ಲಿ ಇವಳು ನನ್ನ ಹೆಬ್ಬೆರಳು ದಪ್ಪ ಇದ್ದಳು. ಬಡಿದರೆ ಗಂಟೆಯ ಹಾಗೆ ಅನ್ನೋಳು. ಈಗ ಬಡಿ, ನೋಡೋಣ."

ಹಮ್ಮಣ್ಣ ಗೆಣ್ಣಿನಿಂದ ಬಡಿದ. ಗಂಟೆಯ ಸದ್ದಿಲ್ಲ. ಹಳೆ ಮಡಕೆಯ ಸದ್ದು. ನಂಬಿಕೆ ಬರಲಿಲ್ಲ. ಸೀರೆ ಸರಿಸಿದ. ಕೆಂಪು ಪುಡಿ ಪಾದದ ಮೇಲೆ ಸುರಿಯಿತು. ಸೊಂಟದ ನಡುವೆ ಹೆಬ್ಬೆರಳಿಟ್ಟು ಒತ್ತಿದ. ಜೋರಾಗಿ ಅಲ್ಲ, ಮಾವಿನಕಾಯಿ ಹಣ್ಣಾಗಿದೆಯೋ ನೋಡುವಾಗ ಒತ್ತುತ್ತೀರಲ್ಲ, ಅಷ್ಟೇ.

ಹೆಬ್ಬೆರಳು ಆಚೆ ಹೋಯಿತು.

ಕೇಳಿದಿರಾ? ಎರಡಾಳು ಎತ್ತರದ ಕಬ್ಬಿಣದ ಬಾಗಿಲಲ್ಲಿ ಮನುಷ್ಯನ ಹೆಬ್ಬೆರಳು ಆಚೆ ಹೋಯಿತು. ಕಡಲ ಗಾಳಿ ಬೆರಳಿನ ತುದಿಯನ್ನು ತಣ್ಣಗೆ ಮುಟ್ಟಿತು. ಹಮ್ಮಣ್ಣನಿಗೆ ಅದನ್ನು ಎಳೆದುಕೊಳ್ಳಲೂ ಭಯ. ಎಳೆದುಕೊಂಡರೆ ತೂತು ಕಾಣುತ್ತದಲ್ಲ! ಹಾಗೇ ನಿಂತ. ಬೆರಳಿಂದಲೇ ಕಡಲು ತಡೆದವನ ಹಾಗೆ.

"ಅಕ್ಕಾ," ಅಂದ, "ಅಜ್ಜನ ಮಾತು ತಪ್ಪಲಿಲ್ಲ ನಾನು. ಎಣ್ಣೆ ಒಂದು ದಿನಾನೂ ತಪ್ಪಿಸಲಿಲ್ಲ."

"ಎಲ್ಲಿ ಹಾಕಿದೆ ಎಣ್ಣೆ?"

"ದೀಪಕ್ಕೆ."

ಬೀರಕ್ಕ ನೆಲದ ಮೇಲೆ ಕೂತಳು. ಆಮೇಲೆ ಹೇಳಿದಳು.

"ನೀನು ಆಗ ತೊಟ್ಟಿಲಲ್ಲಿ. ನಾನು ಅಜ್ಜನ ಹಿಂದೆ ಮಡಕೆ ಹಿಡಿದು ಬರ್ತಿದ್ದೆ. ಮಡಕೆಯಲ್ಲಿ ಮೀನೆಣ್ಣೆ, ಅದರಲ್ಲಿ ಕುದಿಸಿದ ರಾಳ, ಒಲೆಯ ಮಸಿ. ಅಷ್ಟಮಿ ಬಂದರೆ ಸಾಕು, ಅಜ್ಜ ಬಾಗಿಲನ್ನು ಮೇಲೆತ್ತಿ ಬಿಸಿಲಿಗೆ ಬಿಡೋನು. ಕೆರೆಯೋನು. ಸಿಹಿನೀರಲ್ಲಿ ತೊಳೆಯೋನು. ಒಣಗಿಸೋನು. ಆಮೇಲೆ ಅಂಗೈಯಲ್ಲಿ ಎಣ್ಣೆ ಹಚ್ಚೋನು. 'ಒದ್ದೆ ಮೈಗೆ ಎಣ್ಣೆ ಹಚ್ಚಬಾರದು ಕೂಸೇ, ಕಳ್ಳನನ್ನು ಒಳಗೆ ಕೂರಿಸಿ ಬಾಗಿಲು ಹಾಕಿದ ಹಾಗೆ' ಅನ್ನೋನು. ಅಜ್ಜ ಎಲ್ಲಿ ಹೋದರೂ ಮೀನಿನ ನಾತ. ಊರ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಸರಿದು ಕೂರೋರು. ಅಜ್ಜ ನಗ್ತಿದ್ದ. ಅಪ್ಪನಿಗೆ ನಗು ಬರಲಿಲ್ಲ. ಅಪ್ಪನಿಗೆ ಅದು ಚುಚ್ಚಿತು. ಅಜ್ಜ ಸತ್ತ ಮೇಲೆ ಅಪ್ಪ ಹೇಳಿದ, 'ಎಣ್ಣೆ ತಪ್ಪಿಸಬೇಡಿ ಅಂದಿದಾನೆ, ಎಲ್ಲಿಗೆ ಅಂತ ಹೇಳಲಿಲ್ಲ. ದೇವರಿಗೆ ಎಣ್ಣೆ ಅಂದರೆ ದೀಪಕ್ಕೇ ತಾನೆ?' ಅಂದ. ಮಡಕೆ ಹೊಳೆಗೆ ಬಿಟ್ಟ. ಕೈ ತೊಳಕೊಂಡ. ಅದರ ಮರುವರ್ಷವೇ ಊರ ಊಟದಲ್ಲಿ ಮೊದಲ ಎಲೆ ಅವನಿಗೆ."

ನೋಡಿ, ಒಂದು ಮಾತು. ಮೈಗೆ ಹಚ್ಚುವ ಎಣ್ಣೆಯೂ ಎಣ್ಣೆಯೇ, ದೀಪಕ್ಕೆ ಹೊಯ್ಯುವ ಎಣ್ಣೆಯೂ ಎಣ್ಣೆಯೇ. ಕಬ್ಬಿಣಕ್ಕೆ ಮಾತ್ರವೇ ತುಕ್ಕು ಹಿಡಿಯುವುದು ಅಂದುಕೊಂಡಿದ್ದೀರಾ? ಮಾತಿಗೂ ಹಿಡಿಯುತ್ತದೆ. ಕಬ್ಬಿಣದ್ದು ಕಣ್ಣಿಗೆ ಕಾಣುತ್ತದೆ, ಮಾತಿನದು ಕಾಣುವುದಿಲ್ಲ.

ಹಮ್ಮಣ್ಣ ತೂತಿಗೆ ಜೇಡಿಮಣ್ಣು ಮೆತ್ತಿದ. ಮೇಲೆ ಸೀರೆ ಸುತ್ತಿದ. "ಅಕ್ಕಾ, ಯಾರಿಗೂ ಹೇಳಬೇಡ" ಅಂದ.

"ನಾನು ಹೇಳೋದಿಲ್ಲ. ಮೂರನೆಯ ಅಮಾವಾಸ್ಯೆ ಹೇಳ್ತದೆ" ಅಂದಳು ಬೀರಕ್ಕ.

ಹಮ್ಮಣ್ಣ ಮನೆಗೆ ಹೋದ. ಊಟಕ್ಕೆ ಕೂತ, ತುತ್ತು ಇಳಿಯಲಿಲ್ಲ. ಮಲಗಿದ, ಕಣ್ಣು ಮುಚ್ಚಲಿಲ್ಲ. ಎದ್ದು ಅಂಗಳದಲ್ಲಿ ತಿರುಗಿದ, ಕಾಲು ನಿಲ್ಲಲಿಲ್ಲ. ಹೇಳಿದರೆ ಏನಾಗುತ್ತದೆ? ಕುಂಕುಮ ಅಂತ ಕೊಟ್ಟದ್ದು ತುಕ್ಕು ಅಂತಾಗುತ್ತದೆ. ಊರೆಲ್ಲ ಮುಖಕ್ಕೆ ಉಗಿಯುತ್ತದೆ. ಹೇಳದಿದ್ದರೆ? ಹೇಳದಿದ್ದರೆ ಭರತಿ ಬರುತ್ತದೆ.

ಆ ಭರತಿಯ ದಾರಿಯಲ್ಲಿ ಮೊದಲ ಮನೆ ಯಾರದು ಗೊತ್ತಾ? ಅವನ ಮಗಳು ತುಳಸುವಿನದು. ಕಟ್ಟೆಯ ಬುಡದಲ್ಲೇ ಅವಳ ಗಂಡನ ಮನೆ. ಬಾಣಂತಿ. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ.

ಮನುಷ್ಯ ನೋಡಿ ಎಂಥವನು. ಹಮ್ಮಣ್ಣನಿಗೆ ಮೊದಲು ಹೊಳೆದದ್ದು ಊರಲ್ಲ, ಮಗಳು. ಬೆಳಗಾಗುತ್ತಲೇ ಅವಳ ಮನೆಗೆ ಹೋದ.

"ತುಳಸೂ, ಕೂಸಿನ ಜೊತೆ ನಮ್ಮನೆಗೆ ಬಂದುಬಿಡೇ. ಅಮಾವಾಸ್ಯೆ ಕಳೆದ ಮೇಲೆ ಬರ್ತೀಯಂತೆ."

"ಯಾಕಪ್ಪಾ? ಬಾಣಂತನ ಇಲ್ಲೇ ಚೆನ್ನಾಗಿ ನಡೀತಿದೆ. ಅತ್ತೆ ಬಿಸಿನೀರು ಹೊಯ್ದು ಹೊಯ್ದು ನನ್ನ ಸಿಪ್ಪೆ ಸುಲಿದಿದಾರೆ!"

"ಸುಮ್ಮನೆ. ಈ ಸಲದ ಭರತಿ ದೊಡ್ಡದಂತೆ."

ತುಳಸು ನಕ್ಕಳು. "ಒಳ್ಳೇ ಕಥೆ! ಎಲ್ಲರೂ ಹೇಳ್ತಾರೆ, ಕಟ್ಟೆಯ ಬುಡದಲ್ಲಿ ಹೇಗೆ ನಿದ್ದೆ ಮಾಡ್ತೀಯೇ ಅಂತ. ನಾನು ಹೇಳ್ತೇನೆ, ನನ್ನಪ್ಪ ಕಾಯೋ ಬಾಗಿಲು ಅದು, ಅದರ ಬುಡದಲ್ಲಿ ಬರೋ ನಿದ್ದೆ ಗುಡ್ಡದ ಮೇಲೆ ಬರೋದಿಲ್ಲ ಅಂತ. ಈಗ ನೀನೇ ಬಂದು ಏಳು ಅಂದ್ರೆ?" ಅಂತ ಕೂಸನ್ನು ಎತ್ತಿ ತೋರಿಸಿದಳು. ಕೂಸಿನ ಹಣೆಯಲ್ಲಿ ಒಂದು ಕೆಂಪು ಬೊಟ್ಟು. ಬಾಗಿಲಮ್ಮನ ಪ್ರಸಾದ.

ಹಮ್ಮಣ್ಣ ಆ ಬೊಟ್ಟು ನೋಡಿದ. ಕಾಲ ಕೆಳಗಿನ ನೆಲ ನೋಡಿದ. ಎದ್ದ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ನೆಟ್ಟಗೆ ಊರ ಗೌಡನ ಜಗಲಿಗೆ ಹೋದ.

ಗೌಡನ ಹೆಸರು ಮಂಕಾಳ ಗೌಡ. ದೊಡ್ಡ ಮೀಸೆ, ದೊಡ್ಡ ಹೊಟ್ಟೆ, ಅಷ್ಟೇ ದೊಡ್ಡ ಮನಸ್ಸೂ. ಊರನ್ನು ಸೇರಿಸಿದ. ಹಮ್ಮಣ್ಣ ನಡುವೆ ನಿಂತು ಹೇಳಿದ. ಅಜ್ಜನ ಮಡಕೆ ಹೇಳಿದ, ಅಪ್ಪನ ನಾಚಿಕೆ ಹೇಳಿದ, ತನ್ನ ಹೆಬ್ಬೆರಳು ಹೇಳಿದ. ಒಂದನ್ನೂ ಮುಚ್ಚಲಿಲ್ಲ.

ಗದ್ದಲ ಎದ್ದಿತು.

"ಅಮ್ಮನ ಮೈಗೆ ಮೀನೆಣ್ಣೆಯಂತೆ! ನಾಲಿಗೆ ಬೀಳೋದಿಲ್ಲವಾ ನಿಂಗೆ?"

ಬೀರಕ್ಕ ಮೂಲೆಯಿಂದ ಕೇಳಿದಳು, "ನಿನ್ನೆ ನಿಮ್ಮನೆ ಸಾರು ಯಾವುದರದು ಮಾರಾಯಾ? ನಿನ್ನ ಹೊಟ್ಟೆಗೆ ಮೈಲಿಗೆ ಆಗದ ಮೀನು ಬಾಗಿಲಿಗೆ ಹೇಗೆ ಮೈಲಿಗೆ ಆಯ್ತು?"

ಗೌಡ ಕೈ ಎತ್ತಿದ. ಗದ್ದಲ ನಿಂತಿತು. "ಹಮ್ಮಣ್ಣಾ, ಹೋದ ತಿಂಗಳು ನೀನೇ ನನ್ನ ಕೈಯಲ್ಲಿ ಕುಂಕುಮ ಅಂತ ಇಟ್ಟೆ. ಇವತ್ತು ನೀನೇ ತುಕ್ಕು ಅಂತೀಯ. ಎರಡರಲ್ಲಿ ಯಾವ ಹಮ್ಮಣ್ಣನನ್ನು ನಂಬಲಿ?"

ಹಮ್ಮಣ್ಣ ಹೇಳಿದ, "ಯಾವನನ್ನೂ ನಂಬಬೇಡಿ ಗೌಡರೇ. ಇಷ್ಟು ವರ್ಷದ ಪ್ರಸಾದ ಯಾರ್ಯಾರ ಮನೆಯಲ್ಲಿ ಎಷ್ಟೆಷ್ಟಿದೆಯೋ ಎಲ್ಲ ತಂದು ಇಲ್ಲಿ ಸುರಿಯಿರಿ. ಆಮೇಲೆ ಹೇಳಿ."

ತಂದರು. ಮೊದಲು ಅನುಮಾನದಿಂದ, ಆಮೇಲೆ ಕುತೂಹಲದಿಂದ. ಗೌಡನ ಮನೆಯಿಂದ ಬೆಳ್ಳಿಯ ಭರಣಿ ಬಂತು. ಬಡವರ ಮನೆಯಿಂದ ಒಣಗಿದ ಎಲೆಯ ಪೊಟ್ಟಣ ಬಂತು. ಮಕ್ಕಳ ತಾಯಿತ ಬಿಚ್ಚಿ ಸುರಿದರು. ಅಜ್ಜಿಯಂದಿರು ಸತ್ತ ಗಂಡಂದಿರ ಕಾಲದ ಕರಡಿಗೆ ತಂದರು. ಒಬ್ಬ ಮಾತ್ರ ಕೈ ಹಿಸುಕುತ್ತ ನಿಂತ. "ನಾನು ಹೊಟ್ಟೆನೋವಿಗೆ ಅಂತ ನುಂಗಿಬಿಟ್ಟಿದ್ದೇನೆ. ನಾನೇನು ಮಾಡಲಿ?" ಯಾರೋ ಅಂದರು, "ನೀನೇ ಹೋಗಿ ರಾಶಿ ಮೇಲೆ ಕೂತುಕೋ." ನಗು ಎದ್ದಿತು. ರಾಶಿ ಮೊಣಕಾಲೆತ್ತರಕ್ಕೆ ಬಂದಾಗ ಆ ನಗು ತಾನಾಗಿ ಇಳಿಯಿತು.

ಗೌಡ ಒಂದು ಬುಟ್ಟಿ ತುಂಬಿಸಿದ. ಎತ್ತಲು ಬಗ್ಗಿದ. ಒಂದು ಸಲ ಎಳೆದ, ಏಳಲಿಲ್ಲ. ಎರಡನೆಯ ಸಲ ಎಳೆದ, ಬುಟ್ಟಿಯ ಕಿವಿ ಕಿತ್ತು ಬಂತು. ಮೂರನೆಯ ಸಲ ಎಳೆಯಲೇ ಇಲ್ಲ. ಹಾಗೇ ನೆಟ್ಟಗೆ ನಿಂತ.

"ಕುಂಕುಮಕ್ಕೆ ಇಷ್ಟು ಭಾರ ಇಲ್ಲ," ಅಂದ. ಅವನ ದೊಡ್ಡ ದನಿ ಸಣ್ಣಗಾಗಿತ್ತು. "ಇದು ಬಾಗಿಲು. ನಮ್ಮ ಬಾಗಿಲನ್ನ ನಾವು ಹಣೆಗೆ ಹಚ್ಚಿಕೊಂಡು ಮುಗಿಸಿದ್ದೇವೆ."

ಸೆರಗಿನ ತುದಿಯಿಂದ ಒಬ್ಬಳು ಮೆಲ್ಲಗೆ ಹಣೆ ಒರೆಸಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಹಮ್ಮಣ್ಣ ತಲೆ ತಗ್ಗಿಸಿ ನಿಂತಿದ್ದ. ಯಾರಾದರೂ ಹೊಡೆಯಲಿ ಅನ್ನಿಸುತ್ತಿತ್ತು ಅವನಿಗೆ. ಯಾರೂ ಹೊಡೆಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಅಷ್ಟಮಿ ಬಂತು. ಕಡಲು ಸಣ್ಣದಾಯಿತು. ಸರಪಳಿ ಎಳೆದು ಬಾಗಿಲನ್ನು ಮೇಲೆತ್ತಿದರು. ಎಷ್ಟೋ ವರ್ಷದ ಮೇಲೆ ಬಾಗಿಲಮ್ಮ ಸೀರೆಯಿಲ್ಲದೆ ಬಿಸಿಲಿಗೆ ನಿಂತಳು. ಅಯ್ಯೋ, ಆ ಮೈ ನೋಡಬೇಕಿತ್ತು! ಯಾವಾಗಲೂ ನೀರಲ್ಲಿದ್ದ ಕಾಲು ಪರವಾಗಿಲ್ಲ. ಯಾವಾಗಲೂ ಗಾಳಿಯಲ್ಲಿದ್ದ ತಲೆಯೂ ಪರವಾಗಿಲ್ಲ. ನೀರು ಹತ್ತಿ ಇಳಿಯುವ, ಒದ್ದೆಯಾಗಿ ಒಣಗುವ, ಒಣಗುವ ಮೊದಲೇ ಒದ್ದೆಯಾಗುವ ಆ ಸೊಂಟ ಇದೆಯಲ್ಲ, ಅದು ಹುಳ ತಿಂದ ಎಲೆಯ ಹಾಗಿತ್ತು. ಅಲ್ಲೇ ಅಲ್ಲವೇ ಸೀರೆ ಸುತ್ತಿದ್ದು?

ಕಮ್ಮಾರ ಆಚಾರಿ ಬಂದು ನೋಡಿದ. ತಲೆ ಅಲ್ಲಾಡಿಸಿದ. "ತೇಪೆ ಹಾಕೋಣ ಅಂದರೆ ಮೊಳೆ ನಿಲ್ಲೋಕೆ ಗಟ್ಟಿ ಜಾಗ ಬೇಕು. ಇಲ್ಲಿ ಸುತ್ತಿಗೆ ಏಟು ಬಿದ್ದರೆ ಇರೋದೂ ಉದುರ್ತದೆ. ಹೊಸ ಸೊಂಟ ಮಾಡಿ ಕೊಡ್ತೇನೆ, ಆದರೆ ಅಮಾವಾಸ್ಯೆಗೆ ಆಗೋದಿಲ್ಲ."

"ಅಮಾವಾಸ್ಯೆಗೆ ಏನು ಮಾಡೋದು?" ಅಂದ ಗೌಡ.

ಉತ್ತರ ಇಲ್ಲದಾಗ ಏನು ಮಾಡಬೇಕು? ಗೊತ್ತಿರುವ ಕೆಲಸ ಮಾಡಬೇಕು. ಹಮ್ಮಣ್ಣ ಮೇಲಂಗಿ ಬಿಚ್ಚಿದ. ತೆಂಗಿನ ನಾರು, ಮರಳು ತೆಗೆದುಕೊಂಡು ಕೆರೆಯತೊಡಗಿದ. ಅವನ ಹಿಂದೆ ಒಬ್ಬ ಬಂದ, ಇಬ್ಬರು ಬಂದರು, ಊರೇ ಬಂತು. ಕೆರೆದರು, ಸಿಹಿನೀರಲ್ಲಿ ತೊಳೆದರು, ತೆಂಗಿನ ಸಿಪ್ಪೆಯ ಬೆಂಕಿಯ ಕಾವು ಹಿಡಿದು ಒಣಗಿಸಿದರು. ಬೀರಕ್ಕ ಕೈಯಾಡಿಸಿ "ಇನ್ನೂ ಹಸಿ, ಇನ್ನೂ ಹಸಿ" ಅನ್ನುತ್ತಲೇ ಇದ್ದಳು. "ಈಗ ಒಣಗಿತು" ಅಂದಾಗ ಬಿಸಿ ಮೀನೆಣ್ಣೆಗೆ ಹಮ್ಮಣ್ಣ ಮೊದಲು ಕೈ ಅದ್ದಿದ. ಹೂ ಹಿಡಿದ ಕೈ, ಗಂಧ ತೇಯ್ದ ಕೈ. ಅಂಗೈ ಸುಟ್ಟಿತು. ಬಿಡದೆ ಹಚ್ಚಿದ.

ಗಟ್ಟಿ ಇದ್ದಲ್ಲೆಲ್ಲ ಬಾಗಿಲು ಕಪ್ಪಾಗಿ ಮಿನುಗಿತು. ಆದರೆ ಸೊಂಟ? ಎಣ್ಣೆ ಇದ್ದದ್ದನ್ನು ಉಳಿಸುತ್ತದೆ, ಹೋದದ್ದನ್ನು ತರುತ್ತದೆಯೇ?

ಅಮಾವಾಸ್ಯೆಯ ಬೆಳಿಗ್ಗೆ. ಬಾಗಿಲು ಇಳಿಸಿದರು. ಕಡಲು ದೂರದಲ್ಲಿ ಗುರುಗುಟ್ಟುತ್ತಿತ್ತು. ಆಗ ತುಳಸುವಿನ ಮನೆ ಕಡೆಯಿಂದ ಒಂದು ಮೆರವಣಿಗೆ ಬಂತು. ಏನದು? ತುಳಸುವಿನ ಗಂಡ, ಮೈದುನ, ಮಾವ ಮೂವರೂ ಸೇರಿ ಹೊತ್ತು ತರುತ್ತಿದ್ದಾರೆ. ಮನೆಯ ತಲೆಬಾಗಿಲು! ಹಲಸಿನ ಮರದ ದಪ್ಪ ಬಾಗಿಲು. ಹಿಂದೆ ಬಾಣಂತಿ ತುಳಸು, ತಲೆಗೆ ಬಟ್ಟೆ ಕಟ್ಟಿಕೊಂಡು.

"ಏನೇ ಇದು ಹುಚ್ಚು?" ಅಂದ ಹಮ್ಮಣ್ಣ.

"ಗುಡ್ಡಕ್ಕೆ ಹೋಗೋಕೆ ಹೊರಟೆ ಅಪ್ಪಾ. ಮನೆ ಬಾಗಿಲು ಮುಚ್ಚಿಕೊಂಡು ಹೋಗೋಣ ಅಂದರು ಅತ್ತೆ. ಕಟ್ಟೆಯ ಬಾಗಿಲೇ ಹೋದರೆ ಮನೆಗೆ ಕದ ಯಾಕೆ ಅಂದೆ. ನಿನ್ನ ಬಾಗಿಲ ಬೆನ್ನಿಗೆ ನನ್ನ ಬಾಗಿಲು ಇಡು."

ಹಮ್ಮಣ್ಣ ಕದದ ಒಂದು ತುದಿಗೆ ಕೈ ಕೊಟ್ಟ. ಗೌಡ ಕೂಗಿದ, "ಕೇಳಿದಿರೇನ್ರೋ? ಕದ ಕೀಳಿ! ನನ್ನ ಮನೆಯದೇ ಮೊದಲು!"

ಗೌಡನ ಮನೆಯ ಕೆತ್ತನೆಯ ಕದ ಬಂತು. ಬಡವರ ಮನೆಯ ಹಲಗೆಯ ಕದ ಬಂತು. ದನದ ಕೊಟ್ಟಿಗೆಯದು, ಅಡಿಗೆಮನೆಯದು, ಬಚ್ಚಲಿನದು ಬಂತು. ಕಬ್ಬಿಣದ ಬಾಗಿಲ ಬೆನ್ನಿಗೆ ಮರದ ಬಾಗಿಲು, ಅದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮಣ್ಣಿನ ಮೂಟೆ, ಮೂಟೆಗೆ ಆನಿಸಿದ ಮರದ ಕಂಬ, ಕಂಬಕ್ಕೆ ಗಂಡಸರ ಹೆಗಲು. ಆ ಮಧ್ಯಾಹ್ನ ಊರಲ್ಲಿ ಒಂದು ಮನೆಗೂ ಬಾಗಿಲಿಲ್ಲ. ನಾಯಿಗಳು ಎಲ್ಲಿ ಬೇಕಲ್ಲಿ ಒಳಗೆ ಹೊರಗೆ ಓಡಾಡಿದವು. ಕದಿಯುವವನು ಮಾತ್ರ ಒಬ್ಬನೂ ಇಲ್ಲ, ಅವನೂ ಹೆಗಲು ಕೊಟ್ಟು ನಿಂತಿದ್ದ.

ಭರತಿ ಬಂತು.

ಮೊದಲ ಅಲೆಗೆ ಬಾಗಿಲು ಗುಯ್‌ ಅಂದಿತು. ಎರಡನೆಯ ಅಲೆಗೆ ಬಾಗಿಲು ನಡುಗಿತು. ಮೂರನೆಯ ಅಲೆಗೆ ಸೊಂಟ ಹರಿಯಿತು. ಕಬ್ಬಿಣ ಹರಿದ ಸದ್ದು ಬಟ್ಟೆ ಹರಿದ ಸದ್ದಿನ ಹಾಗೇ ಇತ್ತು. ನೀರು ಹಲಸಿನ ಕದಕ್ಕೆ ಬಡಿಯಿತು. ಕದಗಳು ಕಿರುಗುಟ್ಟಿದವು. ಸಂದುಸಂದಿನಿಂದ ಉಪ್ಪುನೀರು ಚಿಮ್ಮಿ ಹಮ್ಮಣ್ಣನ ಕಣ್ಣಿಗೆ, ಬಾಯಿಗೆ, ಸುಟ್ಟ ಅಂಗೈಗೆ ಹೊಡೆಯಿತು. ಅವನು ಹೆಗಲು ತೆಗೆಯಲಿಲ್ಲ. ಪಕ್ಕದಲ್ಲಿ ಗೌಡ, ಅವನ ಪಕ್ಕ ಆಚಾರಿ. ಯಾರೂ ಅಮ್ಮಾ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. "ಒತ್ತು" ಅಂದರು. "ಇನ್ನೂ ಒತ್ತು" ಅಂದರು. "ಬಿಡಬೇಡ" ಅಂದರು.

ಎಷ್ಟು ಹೊತ್ತು? ಕಡಲಿಗೇ ಬೇಸರ ಬರುವಷ್ಟು ಹೊತ್ತು. ಆಮೇಲೆ ನೀರು ಒಂದು ಬೆರಳು ಇಳಿಯಿತು, ಒಂದು ಗೇಣು ಇಳಿಯಿತು, ಒಂದು ಮೊಳ ಇಳಿಯಿತು.

ಊರು ಉಳಿಯಿತು. ಬಾವಿ ಸಿಹಿಯಾಗೇ ಉಳಿಯಿತು. ಆದರೆ ಬಿಟ್ಟಿಯಾಗಿ ಉಳಿಯಲಿಲ್ಲ. ಸಂದಿನಿಂದ ಬಂದ ಉಪ್ಪುನೀರು ಕಟ್ಟೆಯ ಕೆಳಗಿನ ಒಂದು ಗದ್ದೆಯನ್ನು ನುಂಗಿತು. ಅದು ಬಾಗಿಲು ಕಾಯುವವನಿಗೆ ಅಂತ ಊರು ಬಿಟ್ಟುಕೊಟ್ಟ ಉಂಬಳಿ ಗದ್ದೆ, ಹಮ್ಮಣ್ಣನದು. ಅವನು ಏರಿಯ ಮೇಲೆ ನಿಂತು ನೋಡಿದ. "ಸರಿಯಾದವನ ಗದ್ದೆಯನ್ನೇ ತಗೊಂಡಿತು" ಅಂದ. ಅಷ್ಟೇ.

ಆಚಾರಿ ಹೊಸ ಸೊಂಟ ಮಾಡಿ ಕೂರಿಸಿದ. ಪ್ರತಿ ಅಷ್ಟಮಿಗೆ ಒಂದೊಂದು ಮನೆಯವರು ಬಂದು ಕೆರೆದು, ಒಣಗಿಸಿ, ಹಚ್ಚುವುದು ಅಂತಾಯಿತು. ಊರ ಊಟದಲ್ಲಿ ಎಲ್ಲರ ಕೈಯೂ ನಾರುತ್ತಿತ್ತು. ಯಾರು ಯಾರಿಂದ ಸರಿದು ಕೂರುವುದು?

ಒಂದು ದಿನ ಗೌಡ ಕಟ್ಟೆಯ ಮೇಲೆ ಒಂದು ದೊಡ್ಡ ಕಲ್ಲು ನಿಲ್ಲಿಸಿದ. "ಮುಂದೆ ಬರೋರು ನಮ್ಮ ಹಾಗೆ ತಪ್ಪಬಾರದು. ಕಲ್ಲಿನ ಮೇಲೆ ಕೊರೆಸಿಬಿಡೋಣ. 'ಬಾಗಿಲಮ್ಮನ ಮೈಗೆ ಎಣ್ಣೆ ಹಾಕಿ' ಅಂತ. ಮೈಗೆ ಅಂತ ಸೇರಿಸಿದರೆ ಆಯ್ತಲ್ಲ?"

ಹಮ್ಮಣ್ಣ ತಲೆ ಅಲ್ಲಾಡಿಸಿದ. "ನನ್ನ ಅಪ್ಪನಂಥವನು ಇನ್ನೊಬ್ಬ ಹುಟ್ತಾನೆ ಗೌಡರೇ. ಅಮ್ಮನ ಮೈ ಅಂದರೆ ಊರ ಮೈ ಅಂತಾನೆ. ಎಲ್ಲರೂ ಎಣ್ಣೆಸ್ನಾನ ಮಾಡಿ ಹೊದ್ದು ಮಲಗ್ತಾರೆ."

ಆಚಾರಿ ಹೇಳಿದ, "ಮೂರೇ ಮಾತು ಕೊರೆಸಿ. ಕೆರಿ, ಒಣಗಿಸು, ಹಚ್ಚು."

"ಉಪ್ಪುಗಾಳಿಗೆ ಕಲ್ಲೂ ಸವೆಯುತ್ತೆ ಆಚಾರೀ. ಮೊದಲ ಎರಡು ಅಳಿಸಿ 'ಹಚ್ಚು' ಒಂದೇ ಉಳಿದರೆ ಮತ್ತೆ ದೀಪ ಹಚ್ತಾರೆ."

ತುಳಸು ಹೇಳಿದಳು, "ಅಕ್ಷರವೇ ಬೇಡ ಅಪ್ಪಾ. ಒಂದು ಕೈಯ ಚಿತ್ರ ಬಿಡಿಸಿ."

"ಆ ಕೈಗೇ ಬಳೆ ತೊಡಿಸಿ ಪೂಜೆ ಮಾಡ್ತಾರೆ ಮಗಾ."

ಗೌಡನಿಗೆ ರೇಗಿತು. "ಹಾಗಾದರೆ ಈ ಕಲ್ಲನ್ನ ಏನು ಮಾಡಲಿ ಮಾರಾಯಾ? ತಲೆ ಮೇಲೆ ಹೊತ್ತುಕೊಳ್ಳಲಾ?"

ಹಮ್ಮಣ್ಣ ಕಲ್ಲಿನ ಮೇಲೆ ಕೈಯಾಡಿಸಿದ. ಆಮೇಲೆ ಹೇಳಿದ, "ಹಾಗೇ ಇರಲಿ. ಖಾಲಿ."

"ಖಾಲಿಯಾ? ಇಷ್ಟು ದೊಡ್ಡ ಕಲ್ಲು ನಿಲ್ಲಿಸಿ ಏನೂ ಬರೆಯದಿದ್ದರೆ ನೋಡಿದವರು ಏನಂತಾರೆ?"

"ಯಾಕೆ ಖಾಲಿ ಅಂತ ಕೇಳ್ತಾರೆ. ಕೇಳಿದವರಿಗೆ ಹೇಳಬೇಕು. ಬರೆದಿದ್ದರೆ ಓದಿ ಹೋಗ್ತಾರೆ ಗೌಡರೇ. ಖಾಲಿ ಇದ್ದರೆ ನಿಂತು ಕೇಳ್ತಾರೆ. ಹೇಳುವವನ ಕೈಯಲ್ಲಿ ಎಣ್ಣೆ ಇರಲಿ. ಕೇಳಿದವನ ಕೈಯನ್ನೂ ಹಿಡಿದು ಅದ್ದಲಿ."

ಹಾಗೇ ಮಾಡಿದರು. ಆ ಕಲ್ಲು ಇವತ್ತಿಗೂ ಖಾಲಿ ನಿಂತಿದೆಯಂತೆ. ಸುತ್ತಲಿನ ಊರವರು ಅದಕ್ಕೆ "ಕೇಳುಗಲ್ಲು" ಅಂತಾರಂತೆ. ದಾರಿಹೋಕರು ಬರುತ್ತಾರೆ, ಕತ್ತು ಓರೆ ಮಾಡುತ್ತಾರೆ, ಮುಂದೆ ನೋಡುತ್ತಾರೆ, ಹಿಂದೆ ನೋಡುತ್ತಾರೆ. "ಇದರ ಮೇಲೆ ಏನೂ ಬರೆದಿಲ್ಲವಲ್ಲ, ಯಾಕೆ?" ಅಂತ ಕೇಳುತ್ತಾರೆ. ಕೆಳಗೆ ಬಾಗಿಲು ಉಜ್ಜುತ್ತಿರುವವರು ತಲೆ ಎತ್ತಿ ಹೇಳುತ್ತಾರೆ, "ಇಳಿದು ಬನ್ನಿ. ಅಂಗಿಯ ತೋಳು ಮಡಚಿ. ಹೇಳ್ತೇವೆ."

ಕಥೆ ಕಟ್ಟೆಯ ಆಚೆ ನಿಂತಿತು, ನಾವು ಈಚೆ ಉಳಿದೆವು. ಹೇಳಿದ ಬಾಯಿಗೆ ಬೆಲ್ಲ, ಹೂಂ ಅಂದವರ ಕೈಗೆ ಕೆಲಸ.